ಗಲ್ಲಿಯಲ್ಲಿ ಮಾತ್ರ ಬರುವ ಟಕ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8.40

ಇವತ್ತೂ ಟಕ್.

ಮನೆ ಪಕ್ಕದ ಗಲ್ಲಿಯಿಂದ ರಿವರ್ಸ್ ತೆಗೆದೆ — ಒಂದು ಟಕ್. ರಸ್ತೆಗೆ ಬಂದು ಫಸ್ಟ್ ಗೇರ್ ಹಾಕಿದೆ — ಇನ್ನೊಂದು ಟಕ್. ಅಷ್ಟೇ. ಆಮೇಲೆ ಕ್ಲಿನಿಕ್ಕಿನವರೆಗೂ ಗಾಡಿ ಗಪ್‌ಚಿಪ್. ಏನೂ ಅರಿಯದ ಸಾಧುವಿನ ಹಾಗೆ.

ಪಕ್ಕದಲ್ಲಿ ಇವರು. ದಾರಿಯಲ್ಲೇ ಇವರ ಪ್ರಿಂಟಿಂಗ್ ಪ್ರೆಸ್, ದಿನಾ ಅಲ್ಲಿ ಇಳಿಸಿ ಮುಂದೆ ಹೋಗುವುದು.

"ಕೇಳಿಸ್ತಾ?" ಎಂದೆ.

"ಏನು?"

"ಟಕ್ ಅಂತು."

"ಹೂಂ... ಇರ್ಬಹುದು."

ಇರಬಹುದಂತೆ! ಟಕ್ ಇರುತ್ತದೆ, ಅಥವಾ ಇರುವುದಿಲ್ಲ. ಇರಬಹುದಾದ ಟಕ್ ಎಂಬುದೊಂದಿಲ್ಲ. ದಿನವಿಡೀ ಜನರ ಕಿವಿ ಪರೀಕ್ಷೆ ಮಾಡುವವಳು ನಾನು. ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಸಣ್ಣ ಬೀಪ್ ಬಿಟ್ಟು, ಕೇಳಿಸಿದರೆ ಗುಂಡಿ ಒತ್ತಿ ಎನ್ನುವ ಕೆಲಸ. ಅಂಥ ನನಗೇ ಇರಬಹುದು!

ಮೊದಲ ಪೇಷೆಂಟ್ ಬಂದರು. ಸಾಕು.

ಮಾರ್ಚ್ 5, ಬುಧವಾರ

ಊಟಕ್ಕೂ ಮೊದಲೇ ಡೈರಿ ತೆಗೆದೆ. ಖುಷಿಗೆ.

ಡಾಕ್ಟರಮ್ಮ ಒಳಗೆ ಕರೆದರು. ಬೆಟ್ಟದ ಆಚೆಯ ಊರಲ್ಲಿ ಹೊಸ ಕಿವಿ ಕೇಂದ್ರ. ಇದೇ ತಿಂಗಳ ಇಪ್ಪತ್ತನಾಲ್ಕಕ್ಕೆ ಬಾಗಿಲು ತೆಗೆಯಬೇಕು. "ನಡೆಸೋಕೆ ನೀವೇ ಆಗ್ಬೇಕು," ಎಂದರು. ನಾನೇ! ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ಬೀಪ್ ಬಿಟ್ಟದ್ದಾಯಿತು. ಇನ್ನು ಕೋಣೆ ನನ್ನದು, ಮೆಷಿನ್ ನನ್ನದು, ತೀರ್ಮಾನ ನನ್ನದು.

ಒಂದೇ ಷರತ್ತು. ಎಂಟಕ್ಕೆ ಅಲ್ಲಿರಬೇಕು. ಮೊದಲ ಬಸ್ಸು ಅಲ್ಲಿ ತಲುಪುವುದೇ ಹತ್ತಕ್ಕೆ.

"ನಿಮ್ಮತ್ರ ಗಾಡಿ ಇದೆಯಲ್ಲ?"

"ಇದೆ!" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಹೊರಗೆ ಕೂತಿದ್ದ ಪೇಷೆಂಟುಗಳೂ ತಿರುಗಿ ನೋಡಿದರು. ಕಿವಿ ಕೇಳಿಸದವರೂ.

ಏಳು ಸೀಟಿನ ಎಸ್‌ಯುವಿ. ಮನೆಯಲ್ಲಿ ಇರುವವರು ಇವರು, ನಾನು, ಅತ್ತೆ. ಮಹಡಿಯಲ್ಲಿ ಮೈದುನ, ಓರಗಿತ್ತಿ. ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಕೊಂಡದ್ದು, ಒಟ್ಟಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಅತ್ತೆ ಅದನ್ನು ಲಾರಿ ಅನ್ನುತ್ತಾರೆ. ಕೊಳ್ಳುವಾಗ ಬೇಡವೇ ಬೇಡ ಎಂದು ಕುಣಿದಾಡಿದವಳು ನಾನು. ಇವತ್ತು ಸಂಜೆ ಯಾರೂ ನೋಡದಾಗ ಅದರ ಬಾನೆಟ್ ಸವರಿ ಬಂದೆ.

ಇವರಿಗೆ ಹೇಳಿದೆ. ಸಂತೋಷಪಟ್ಟರು, ನಿಜಕ್ಕೂ. ಆಮೇಲೆ ಮುಖ ಸಣ್ಣದಾಯಿತು.

"ಬೆಟ್ಟದ ರಸ್ತೆ ಅದು. ಗಾಡಿಲಿ ಏನೋ ಶಬ್ದ ಅಂತೀಯ. ಮೊದ್ಲು ಅದು ಹೋಗ್ಲಿ."

ನ್ಯಾಯವಾದ ಮಾತೇ. ಹೋಗಲಿ. ಇಪ್ಪತ್ತನಾಲ್ಕರೊಳಗೆ ಹೋಗಲೇಬೇಕು.

ಮಾರ್ಚ್ 8, ಶನಿವಾರ

ಗ್ಯಾರೇಜಿಗೆ ಒಯ್ದೆ. ಎರಡು ರಸ್ತೆಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಶೆಡ್ಡು. ಮುಂದಿನ ಗೇಟಲ್ಲಿ ಒಳಗೆ, ಹಿಂದಿನ ಗೇಟಲ್ಲಿ ಹೊರಗೆ. ನೆಲದ ಮೇಲೆ ದೊಡ್ಡ ಹಳದಿ ಬಾಣ. ಎಲ್ಲಾ ಗಾಡಿಯೂ ಬಾಣ ಹೇಳಿದ ಕಡೆಗೇ ಸಾಗಬೇಕು.

ಮೇಸ್ತ್ರಿ ಒಂದು ರೌಂಡು ಹೋಗಿ ಬಂದ. ಶಬ್ದವಿಲ್ಲ. ಲಿಫ್ಟಿಗೆ ಏರಿಸಿ, ಟಾರ್ಚ್ ಬಿಟ್ಟು, ಚಕ್ರಗಳನ್ನು ಹಿಡಿದು ಅಲ್ಲಾಡಿಸಿದ. ಮುಂದಿನ ಚಕ್ರಗಳ ಹತ್ತಿರ ಲಿಂಕ್ ರಾಡ್ ಎಂಬ ಕಡ್ಡಿಗಳಿವೆಯಂತೆ. ಸವೆದಿವೆಯಂತೆ. ಬದಲಾಯಿಸಿದ.

ಹಿಂದಿನ ಗೇಟಿಂದ ಹೊರಟೆ. ಮನೆಯವರೆಗೂ ಮೈಯೆಲ್ಲ ಕಿವಿಯಾಗಿ ಕೂತಿದ್ದೆ. ಒಂದು ಚೂರೂ ಶಬ್ದವಿಲ್ಲ! ಗಲ್ಲಿಗೆ ನುಗ್ಗಿಸಿ ನಿಲ್ಲಿಸಿದೆ. ಇಲ್ಲ! ಅಲ್ಲಿಂದಲೇ ಕೂಗಿದೆ: "ಅತ್ತೇ, ಲಾರಿ ರಿಪೇರಿ ಆಯ್ತು!"

ಮಾರ್ಚ್ 9, ಭಾನುವಾರ

ರಿವರ್ಸ್ ತೆಗೆದೆ. ಟಕ್.

ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತೆ. ಅಷ್ಟರಲ್ಲಿ ಮಹಡಿಯಿಂದ ಮೈದುನ ಇಳಿದು ಬಂದ. ಮನೆಯ ವಾಹನ ತಜ್ಞ. ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡಿ ನೋಡಿ ತಜ್ಞನಾದವನು. ಇನ್ನು ಇಲ್ಲಿ ಅವನ ಹೆಸರೇ ತಜ್ಞ.

ರಸ್ತೆಗೆ ತಂದು, ಸ್ವಲ್ಪ ಮುಂದೆ ಒಯ್ದು, ಅವನ ಕೈಗೆ ಕೊಟ್ಟೆ. ಬಡಾವಣೆಗೆ ಒಂದು ಸುತ್ತು ಹಾಕಿ ಬಂದ. ಇಳಿದು, ಬಾಗಿಲಿಗೆ ಒರಗಿ, ನಿಧಾನಕ್ಕೆ—

"ಅತ್ತಿಗೆ, ತಪ್ಪು ತಿಳ್ಕೋಬೇಡಿ."

ಹೀಗೆ ಶುರುವಾದ ಯಾವ ಮಾತು ಒಳ್ಳೆಯ ಕಡೆ ಮುಗಿದಿದೆ?

"ನಾನು ಓಡಿಸಿದಾಗ ಬರಲ್ಲ. ಮೇಸ್ತ್ರಿ ಓಡಿಸಿದಾಗ ಬರಲ್ಲ. ನೀವು ಓಡಿಸಿದಾಗ ಬರುತ್ತೆ. ಕ್ಲಚ್ಚು ಪೂರ್ತಿ ಒತ್ತಲ್ಲ ನೀವು, ಹಾಫ್ ಕ್ಲಚ್ಚು. ಹಿಂಗೇ ಬಿಟ್ರೆ ಗೇರ್‌ಬಾಕ್ಸ್ ಹೋಗುತ್ತೆ."

ಒಳಗೆ ಬಂದು ಕೀ ನೇತುಹಾಕಿದೆ. ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದ ಇವರು ಗೋಡೆಯ ಮೊಳೆಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡರು. "ಯಾರಾದ್ರೂ ಸರಿಯಾಗಿ ನೋಡೋವರೆಗೂ ಬೇಡ ಕಣೇ."

ತಜ್ಞ ಬಂದು ನನ್ನ ಮರ್ಯಾದೆ ತೆಗೆದದ್ದಕ್ಕೆ ಇಷ್ಟು ಉರಿಯಲಿಲ್ಲ. ಆ ಜೇಬು ನೋಡಿದರೆ ಮೈಯೆಲ್ಲ ಧಗಧಗ ಉರಿಯುತ್ತಿದೆ.

ಮಾರ್ಚ್ 13, ಗುರುವಾರ

ಮೂರು ದಿನ ಬರೆಯಲಿಲ್ಲ. ಬಸ್ಸಲ್ಲಿ ನಿಂತು ಹೋಗಿ ನಿಂತು ಬಂದವಳಿಗೆ ಪೆನ್ನು ಹಿಡಿಯುವ ಮನಸ್ಸು ಎಲ್ಲಿಂದ?

ಮೇಸ್ತ್ರಿಗೆ ಫೋನ್ ಮಾಡಿದೆ. ಗೇರ್‌ಬಾಕ್ಸ್ ಇಳಿಸಿ ನೋಡಬೇಕಂತೆ. ಮೂರು ವಾರ. ಇಪ್ಪತ್ತನಾಲ್ಕು ಆಗಲೇ ಕಳೆದು ಹೋಗಿರುತ್ತದೆ.

"ಮೇಡಂ, ನಿಮ್ಮ ಮನೆ ಹತ್ರ ಮಾತ್ರ ಶಬ್ದ ಬರುತ್ತೆ ಅಂದ್ರೆ, ಮನೇನೇ ಒಂದ್ಸಲ ಲಿಫ್ಟಿಗೆ ಹಾಕ್ಬೇಕು ನೋಡಿ," ಎಂದು ತಾನೇ ನಕ್ಕ. ನನಗೆ ನಗು ಬರಲಿಲ್ಲ.

ಡಾಕ್ಟರಮ್ಮ ಸೋಮವಾರದೊಳಗೆ ಖಚಿತ ಮಾಡಿ ಎಂದಿದ್ದಾರೆ. ಇವರಿಗೆ ಹೇಳಿದರೆ, ತಟ್ಟೆಯಿಂದ ತಲೆ ಎತ್ತದೆ, "ಬೇರೆಯವರಿಗೆ ಕೊಡ್ಲಿ ಬಿಡು. ಮುಂದೆ ಇನ್ನೊಂದು ಬರುತ್ತೆ," ಎಂದರು.

ಬರುತ್ತದಂತೆ. ಬಸ್ಸೇ ಅದು, ಒಂದು ಹೋದರೆ ಇನ್ನೊಂದು ಬರಲು? ನಲ್ಲಿ ಜೋರಾಗಿ ಬಿಟ್ಟುಕೊಂಡು ಬಚ್ಚಲಲ್ಲಿ ಅಳುತ್ತಾ ಕೂತೆ. ಬಿಕ್ಕಿ ಬಿಕ್ಕಿ ಅಳು. ಹೊರಗೆ ಬಂದಾಗ ಅತ್ತೆಯವರು ಟವೆಲ್ ಹಿಡಿದು ನಿಂತಿದ್ದರು. ಅವರ ಕಿವಿಯಿಂದ ಈ ಮನೆಯಲ್ಲಿ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಹಿತ್ತಲಲ್ಲಿದ್ದರೂ ಅಡುಗೆಮನೆಯ ಬಿಸ್ಕತ್ ಡಬ್ಬಿ ತೆಗೆದದ್ದು ಗೊತ್ತಾಗುತ್ತದೆ.

ಮಾರ್ಚ್ 15, ಶನಿವಾರ. ಸಂಜೆ

ಸಿಕ್ಕಿತು! ಉತ್ತರವಲ್ಲ, ದಾರಿ.

ಇವತ್ತೊಬ್ಬ ಹಿರಿಯರು ಪರೀಕ್ಷೆಗೆ ಬಂದಿದ್ದರು. ಬೀಪ್ ಬಿಟ್ಟರೂ ಗುಂಡಿ, ಬಿಡದಿದ್ದರೂ ಗುಂಡಿ. ನನ್ನ ಕೈ ಅಲ್ಲಾಡಿದರೆ ಸಾಕು, ಗುಂಡಿ. ಇಂಥವರಿಗಾಗಿಯೇ ನಮ್ಮಲ್ಲೊಂದು ಉಪಾಯವಿದೆ. ಬೆನ್ನು ತಿರುಗಿಸಿ ಕೂರಿಸುವುದು. ನಡುನಡುವೆ ಏನೂ ಬಿಡದೆ ಸುಮ್ಮನೆ ಕಾಯುವುದು. ಆಗ ಕಿವಿ ಕೇಳಿದ್ದು ಯಾವುದು, ಮನಸ್ಸು ಕೇಳಿದ್ದು ಯಾವುದು ಎಂದು ಬೇರೆಯಾಗುತ್ತದೆ.

ಗುಂಡಿಯ ಮೇಲೆ ಅವರ ಹೆಬ್ಬೆರಳು ನೋಡುತ್ತಾ ನನಗೆ ತಜ್ಞ ಕಂಡ.

ಗಾಡಿಯನ್ನು ಎಲ್ಲರೂ ಪರೀಕ್ಷೆ ಮಾಡಿದ್ದಾಯಿತು. ಕೇಳುವವರನ್ನು ಮಾಡಿದವರು ಯಾರು? ನಾಳೆ ಭಾನುವಾರ. ಓರಗಿತ್ತಿಯ ಕಿವಿಯಲ್ಲಿ ಉಸುರಿದೆ. ಅವಳಿಗೂ ಡ್ರೈವಿಂಗ್ ಬರುತ್ತದೆ. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆಗೆ ಹೇಳಿದೆ.

"ಲಾರಿ ಪರೀಕ್ಷೆನಾ? ನಂಗೆ ಕೈ ಇರೋ ಕುರ್ಚಿ ಹಾಕ್ಸು."

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಪೂರ್ತಿ ಬರೆಯಬೇಕು. ಒಂದು ಅಕ್ಷರ ಬಿಡಬಾರದು.

ಗಲ್ಲಿ ದಾಟಿಸದೆ ಮರಳಿಸುತ್ತೇನೆ ಎಂದು ಇವರಿಂದ ಕೀ ಪಡೆದೆ. ಗಲ್ಲಿಯಲ್ಲಿ ಮೂರು ಕುರ್ಚಿ, ಗಾಡಿಗೆ ಬೆನ್ನು ಹಾಕಿ. ಅತ್ತೆ, ಇವರು, ತಜ್ಞ. ನಿಯಮ: ತಿರುಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಟಕ್ ಕೇಳಿಸಿದರೆ ಬೆರಳೆತ್ತಬೇಕು. ತಜ್ಞ ಕಾಲ ಮೇಲೆ ಕಾಲು ಹಾಕಿ ಕೂತ. "ಮಾಡಿ ಅತ್ತಿಗೆ, ಮಾಡಿ," ಎಂದ. ಮಕ್ಕಳಾಟಕ್ಕೆ ಒಪ್ಪಿದ ದೊಡ್ಡವರ ದನಿ.

"ಈಗ ನಾನು!" ಎಂದು ಕೂಗಿ ಹತ್ತಿದೆ. ಇಂಜಿನ್ ಸ್ಟಾರ್ಟ್ ಮಾಡಿ ಸುಮ್ಮನೆ ಕೂತೆ. ಗಾಡಿ ಒಂದಿಂಚೂ ಕದಲಲಿಲ್ಲ.

ತಜ್ಞನ ಬೆರಳು ಮೇಲೆ!

ತುಟಿ ಕಚ್ಚಿಕೊಂಡೆ. "ಈಗ ನನ್ನ ಓರಗಿತ್ತಿ!" ಎಂದು ಕೂಗಿದೆ. ಬಾಗಿಲು ತೆಗೆದು ಹಾಕಿದ ಸದ್ದೂ ಮಾಡಿದೆ. ಕೂತದ್ದು ನಾನೇ. ಮಾರುದೂರ ರಿವರ್ಸ್ — ಟಕ್. ಎದೆಯೊಳಗೇ ಬಡಿದ ಹಾಗೆ. ಅತ್ತೆಯ ಬೆರಳು ಥಟ್ಟನೆ ಮೇಲೆ. ತಜ್ಞ ಕೈಕಟ್ಟಿ ಕೂತಿದ್ದಾನೆ!

"ಮತ್ತೆ ನಾನು!" ಕೂತದ್ದು ಓರಗಿತ್ತಿ. ಮುಂದಕ್ಕೆ — ಟಕ್. ಇಬ್ಬರ ಬೆರಳೂ. ನಿಲ್ಲಿಸಿ, ಮತ್ತೆ ಮುಂದಕ್ಕೆ — ಶಬ್ದವಿಲ್ಲ. ಅತ್ತೆ ಸುಮ್ಮನೆ. ತಜ್ಞನ ಬೆರಳು ಮಾತ್ರ ಆಕಾಶ ನೋಡುತ್ತಿದೆ.

ಹೀಗೇ ಹತ್ತಾರು ಸಲ. ಕೊನೆಗೆ ತಿರುಗಿ ಎಂದೆ. ತಿರುಗಿದರು. ಸ್ಟೀರಿಂಗ್ ಹಿಂದೆ ಕೂತ ತಜ್ಞನ ಹೆಂಡತಿ ಕೈಬೀಸಿದಳು.

"ನಿಮ್ಮ ಅತ್ತಿಗೆ ಹೆಸ್ರು ಹೇಳಿದ್ರೆ ಸಾಕು, ನಿಮ್ಗೆ ಶಬ್ದ ಕೇಳಿಸುತ್ತೆ ಕಣ್ರೀ! ನಾನೇ ಓಡಿಸಿದ್ದು!"

ತಜ್ಞನ ಮುಖ ಹರಳೆಣ್ಣೆ ಕುಡಿದವರದ್ದು. ಇಷ್ಟು ವರ್ಷಗಳಲ್ಲಿ ಅವನು ಮಾತಿಗೆ ತಡಕಾಡಿದ್ದನ್ನು ಮೊದಲ ಸಲ ನೋಡಿದೆ. ಕಣ್ತುಂಬ ನೋಡಿದೆ.

ಆದರೆ ಗೆದ್ದದ್ದು ಅತ್ತೆ. ಕುರ್ಚಿಯಿಂದ ಏಳದೆ ಹೇಳಿದರು.

"ಮುಂದೆ ಮುಂದೆ ಹೋದ್ರೆ ಅದು ಸುಮ್ನಿರುತ್ತೆ. ಹಿಂದೆ ಹಿಂದೆ ಹೋದ್ರೂ ಸುಮ್ನಿರುತ್ತೆ. ಮನಸ್ಸು ಬದಲಾಯಿಸಿದಾಗ ಮಾತ್ರ ಟಕ್. ಒಂದೇ ಸಲ."

ನಾನು ಅಲ್ಲೇ ನಿಂತೆ. ದಿಕ್ಕು! ಗಲ್ಲಿಯಿಂದ ಹಿಂದಕ್ಕೆ ಬರುತ್ತೇವೆ, ರಸ್ತೆಯಲ್ಲಿ ಮುಂದಕ್ಕೆ ಹೊರಡುತ್ತೇವೆ. ಅದಕ್ಕೇ ಮನೆಯ ಹತ್ತಿರ ಮಾತ್ರ. ಮೇಸ್ತ್ರಿಯ ಗ್ಯಾರೇಜಲ್ಲಿ ಹಳದಿ ಬಾಣ — ಅಲ್ಲಿ ಯಾವ ಗಾಡಿಯೂ ಹಿಂದೆ ಬರುವುದೇ ಇಲ್ಲ! ತಜ್ಞ ಬಡಾವಣೆ ಸುತ್ತಿದ್ದೂ ಬರೀ ಮುಂದಕ್ಕೆ. ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ಮನಸ್ಸು ಬದಲಾಯಿಸಿರಲಿಲ್ಲ, ಅಷ್ಟೇ.

ಆಮೇಲೆ ಕುರ್ಚಿಗಳನ್ನು ಎರಡೂ ಪಕ್ಕಕ್ಕೆ ಹಾಕಿ, ಕಣ್ಣು ಮುಚ್ಚಿಸಿ, ಎಡವೋ ಬಲವೋ ಎಂದು ನೋಡಿದೆ. ಒಳಗೆ ಕೂತರೆ ಶಬ್ದ ಕಾಲಡಿಯಲ್ಲೇ ಬಂದಂತಿರುತ್ತದೆ, ತಗಡು ಅದನ್ನು ಎಲ್ಲೆಡೆ ಹೊತ್ತು ತರುತ್ತದೆ. ಹೊರಗೆ ಅನುಮಾನವೇ ಇಲ್ಲ. ಮುಂದಿನ ಎಡ ಚಕ್ರ. ತಜ್ಞನೂ ಒಪ್ಪಿದ. ಈ ಸಲ ನಿಜವಾಗಿ ಕೇಳಿಸಿಕೊಂಡು.

ಅದೇ ದಿನ. ಸಂಜೆ

ಮಧ್ಯಾಹ್ನ ಕಾಗದದಲ್ಲಿ ಗುರುತು ಹಾಕಿಕೊಂಡಿದ್ದೆ, ಯಾರ ಬೆರಳು ಯಾವಾಗ ಎದ್ದಿತು ಎಂದು. ಈಗ ನೋಡುತ್ತಿದ್ದೇನೆ. ಅತ್ತೆಯದು ತುಂಬಿದೆ. ತಜ್ಞನದು ಬೇಡದ ಕಡೆಯೆಲ್ಲ ತುಂಬಿದೆ. ಇವರದು ಖಾಲಿ.

ಒಂದು ಸಲವೂ ಎತ್ತಲಿಲ್ಲ. ಚಕ್ರದ ಪಕ್ಕದಲ್ಲೇ ಕೂರಿಸಿದಾಗಲೂ.

ಮುನಿಸಿಕೊಂಡು ಕೂತಿದ್ದಾರೆ ಎಂದುಕೊಂಡಿದ್ದೆ. ಅಲ್ಲ. ತಲೆ ಬಾಗಿಸಿ, ಕಣ್ಣು ಮುಚ್ಚಿ, ಜೀವವನ್ನೆಲ್ಲ ಕಿವಿಗೆ ತಂದುಕೊಂಡು ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ.

"ರೀ, ನಿಜ ಹೇಳಿ."

ಜೇಬಿನ ಮೇಲೆ ಕೈಯಿಟ್ಟುಕೊಂಡು ಹೇಳಿದರು. "ನಂಗೆ ಯಾವತ್ತೂ ಕೇಳಿಸಿಲ್ಲ ಕಣೇ. ನೀನು ಬಂತು ಅಂತೀಯ, ಅಮ್ಮ ಬಂತು ಅಂತಾಳೆ. ನಂಗೆ ಕೇಳಿಸ್ದೆ ಇರೋದು ಇನ್ನೆಷ್ಟು ದೊಡ್ಡದಿದ್ಯೋ ಅಂತ ಭಯ ಆಯ್ತು. ಅದಕ್ಕೇ ಕೀ ಇಟ್ಕೊಂಡೆ."

ಜೇಬಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು.

ವರ್ಷಗಟ್ಟಲೆ ಪ್ರೆಸ್ಸಿನ ಮೆಷಿನ್ನುಗಳ ಗಲಾಟೆ. ಮೊದಲು ಹೋಗುವುದೇ ಇಂಥ ಸಣ್ಣ, ಚೂಪಾದ ಶಬ್ದಗಳು. ಪೇಷೆಂಟುಗಳಿಗೆ ದಿನಾ ಹೇಳುವ ಪಾಠ. ಒಂದು ದಿಂಬಿನಾಚೆ ಮಲಗುವವರಿಗೆ ಹೇಳುವುದು ಉಳಿದುಹೋಗಿತ್ತು. ಮೈಯ ಉರಿ ಎಲ್ಲಿ ಹೋಯಿತೋ. ಅವರ ಕೈ ಹಿಡಿದು ಕೂತೆ.

"ಮೊದ್ಲು ಗಾಡಿ," ಎಂದೆ. "ಆಮೇಲೆ ನೀವು."

ನಕ್ಕರು. ಇದು ಕೇಳಿಸಿತು.

ಮಾರ್ಚ್ 17, ಸೋಮವಾರ

ಗ್ಯಾರೇಜ್. ಇವರೂ ಬಂದರು. ಮೇಸ್ತ್ರಿ ಲಿಫ್ಟಿನ ಕಡೆ ಕೈ ತೋರಿಸಿದ.

"ಮೊದ್ಲು ಇಲ್ಲೇ ಸ್ವಲ್ಪ ಹಿಂದಕ್ಕೆ ತಗೋತೀನಿ," ಎಂದೆ.

"ಇಲ್ಲಿ ರಿವರ್ಸ್ ಇಲ್ಲ ಮೇಡಂ. ಬಾಣ ನೋಡಿ. ಹಿಂದೆ ಗಾಡಿ ಬರ್ತಾ ಇರುತ್ತೆ."

ಇವರು ಹೋಗಿ ಮುಂದಿನ ಗೇಟಿನ ನಡುವೆ ಎರಡೂ ಕೈ ಚಾಚಿ ನಿಂತರು. ಟ್ರಾಫಿಕ್ ಪೊಲೀಸನ ಹಾಗೆ! ಹೊರಗೆ ಹಾರ್ನೋ ಹಾರ್ನು. ಇವರು ಅಲ್ಲಾಡಲಿಲ್ಲ.

ಬಾಣದ ವಿರುದ್ಧ ಹಿಂದಕ್ಕೆ ತೆಗೆದೆ. ಟಕ್!

ಮುಂದಕ್ಕೆ. ಟಕ್!

ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ನಿಂತರು. ಮೇಸ್ತ್ರಿ ಕೈಯ ಬಟ್ಟೆ ಬಿಸಾಕಿ ಓಡಿ ಬಂದ. "ಇನ್ನೊಂದ್ಸಲ!" ಮಾಡಿದೆ. "ಇನ್ನೊಂದ್ಸಲ!" ಮಾಡಿದೆ. ನಾನು ಹೇಳಿದ ಎಡ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಿವಿಗೊಟ್ಟು, ಎದ್ದು ನಿಂತ. ಮುಖ ಹೊಳೆಯುತ್ತಿತ್ತು.

"ಗೇರ್‌ಬಾಕ್ಸ್ ಅಲ್ಲ ಮೇಡಂ! ಇಂಜಿನ್‌ನಿಂದ ಚಕ್ರಕ್ಕೆ ಬರೋ ಶಾಫ್ಟ್ ಇದ್ಯಲ್ಲ, ಅದು ಚಕ್ರದ ನಡುಭಾಗಕ್ಕೆ ಹೋಗಿ ಕೂತಿರುತ್ತೆ, ಹೊರಗಡೆಯಿಂದ ಒಂದು ದೊಡ್ಡ ನಟ್ ಹಿಡ್ಕೊಂಡಿರುತ್ತೆ. ಅಲ್ಲಿ ಒಣಗಿ ತುಕ್ಕು ಹಿಡಿದಿದೆ. ದಿಕ್ಕು ಬದಲಾದ ತಕ್ಷಣ ಕೂದಲೆಳೆಯಷ್ಟು ಜಾರಿ ಕೂರುತ್ತೆ. ಅದೇ ಟಕ್. ನೀವು ಜಾಗ ಹೇಳ್ದೆ ಇದ್ರೆ ಗೇರ್‌ಬಾಕ್ಸ್ ಬಿಚ್ಚಿ ಹಾಕ್ತಿದ್ದೆ, ದೇವ್ರಾಣೆ."

ಹಳೇ ನಟ್ ಮತ್ತೆ ಹಾಕುವಂತಿಲ್ಲವಂತೆ. ಹೊಸದು ಬುಧವಾರ ಬರುತ್ತದೆ. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್.

"ಬರ್ತೀನಿ ಮೇಡಂ. ಇಪ್ಪತ್ನಾಲ್ಕಕ್ಕೆ. ಎಂಟಕ್ಕೆ ಐದು ನಿಮಿಷ ಇರೋವಾಗ್ಲೇ."

ಮಾರ್ಚ್ 19, ಬುಧವಾರ

ನಿಂತು ನೋಡಿದೆ, ಮೊದಲಿಂದ ಕೊನೆಯವರೆಗೆ. ಚಕ್ರ ತೆಗೆದ. ನಟ್ ಬಿಚ್ಚಲು ಇಬ್ಬರು ಉದ್ದನೆಯ ಪೈಪು ಸಿಕ್ಕಿಸಿ ತೂಗಿದರು. ಶಾಫ್ಟ್ ಒಳಗೆ ತಳ್ಳಿದ. ನಡುವೆ ಕಂದು ತುಕ್ಕಿನ ಪುಡಿ. ಬ್ರಶ್ಶಿನಿಂದ ಉಜ್ಜಿ, ಒರೆಸಿ, ಗ್ರೀಸ್ ಸವರಿದ. ಹೊಸ ನಟ್. ಅಳತೆ ಮೀರದಂತೆ ಬಿಗಿ ಮಾಡಲು ಒಂದು ಉದ್ದನೆಯ ರೆಂಚ್ ಇದೆ, ಸರಿಯಾದ ಬಿಗಿ ಬಂದಾಗ ಅದೇ ಕಟಕ್ ಅನ್ನುತ್ತದೆ.

ಬೆಚ್ಚಿಬಿದ್ದೆ.

"ಇದು ಒಳ್ಳೇ ಟಕ್ ಮೇಡಂ," ಎಂದ ಮೇಸ್ತ್ರಿ.

ಆಮೇಲೆ ಅವನೇ ಎಲ್ಲರನ್ನೂ ಕರೆದು, ಗಾಡಿಗೆ ಬೆನ್ನು ಹಾಕಿಸಿ ಸಾಲಾಗಿ ನಿಲ್ಲಿಸಿದ. ಕೇಳಿಸಿದರೆ ಬೆರಳೆತ್ತಿ ಎಂದ. ನನ್ನ ಪರೀಕ್ಷೆ, ಅವನ ಗ್ಯಾರೇಜಲ್ಲಿ! ಹಿಂದಕ್ಕೆ ತೆಗೆದೆ. ಮುಂದಕ್ಕೆ. ಹಿಂದಕ್ಕೆ. ಮುಂದಕ್ಕೆ. ಬಾಣವನ್ನು ತುಳಿದು ತುಳಿದು ಸವೆಸಿದೆ.

ಒಂದು ಬೆರಳೂ ಏಳಲಿಲ್ಲ.

ಕಿಟಕಿಯಿಂದ ತಲೆ ಹಾಕಿ ಕೇಕೆ ಹಾಕಿದೆ. ಈ ವಯಸ್ಸಿನಲ್ಲಿ! ಹಾಕಿದರೆ ಏನಾಯಿತು? ಗೆದ್ದೆ, ಗೆದ್ದೆ, ಗೆದ್ದೆ.

ಮಾರ್ಚ್ 24, ಸೋಮವಾರ. ರಾತ್ರಿ

ಎಂಟಕ್ಕೆ ಮುಂಚೆಯೇ ತಲುಪಿದೆ. ಬೆಟ್ಟದ ರಸ್ತೆ ಗಾಡಿಯ ಕೆಳಗೆ ಬೆಣ್ಣೆಯ ಹಾಗೆ ಜಾರಿತು. ಬಾಗಿಲು ನಾನೇ ತೆಗೆದೆ. ಗೋಡೆಗೆ ಹೊಸ ಬಣ್ಣದ ವಾಸನೆ. ನನ್ನ ಕುರ್ಚಿ. ಒಂದು ಸುತ್ತು ತಿರುಗಿದೆ.

ಮೊದಲ ಪೇಷೆಂಟ್ ನನ್ನ ಜೊತೆಯೇ ಬಂದಿದ್ದರು. ಪ್ರೆಸ್ಸಿಗೆ ರಜೆ ಹಾಕಿ. ಕೋಣೆಯೊಳಗೆ ಬೆನ್ನು ತಿರುಗಿಸಿ ಕೂತರು, ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು. ದಪ್ಪ ಶಬ್ದಗಳೆಲ್ಲ ಚೆನ್ನಾಗಿ ಕೇಳಿಸುತ್ತವೆ. ಚೂಪು ಶಬ್ದಗಳ ಕಡೆ ಹೋದಂತೆ ಕಾಗದದ ಮೇಲೆ ಗೆರೆ ಕೆಳಗೆ ಕೆಳಗೆ. ಬೀಪ್ ಬಿಟ್ಟು ಕಾಯುತ್ತಿದ್ದೆ, ಆ ಬೆನ್ನು ನೋಡುತ್ತಾ. ಒತ್ತಿ, ಒತ್ತಿ ಎಂದು ಮನಸ್ಸಲ್ಲೇ ಹೇಳುತ್ತಿದ್ದೆ. ಹಾಗೆಲ್ಲ ಹೇಳಬಾರದು ಎಂಬುದು ನಿಯಮ.

ಕಾಗದ ತೋರಿಸಿ ವಿವರಿಸಿದೆ. ಕಿವಿಗೆ ಹಾಕುವ ಸಣ್ಣ ಮೆಷಿನ್ ಸಾಕು ಎಂದೆ. ಹೂಂ ಎಂದರು. ಇರಬಹುದು ಎನ್ನಲಿಲ್ಲ.

ಏಪ್ರಿಲ್ 5, ಶನಿವಾರ. ಸಂಜೆ 7

ಇವತ್ತು ಇವರ ಕಿವಿಗೆ ಮೆಷಿನ್ ಕೂರಿಸಿದೆ. ನನ್ನ ಕೈಯಿಂದಲೇ.

ಮೊದಲು ತಮ್ಮ ಅಂಗಿಯ ತೋಳು ಕೇಳಿಸಿಕೊಂಡರು. ಆಮೇಲೆ ಕಾಗದದ ಚೀಲ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ದನಿ ಇಷ್ಟು ತೆಳುನಾ?" ಎಂದರು. ಬೇಗ ಬೇಗ ಬಾಗಿಲು ಹಾಕಿ ಹೊರಟೆ.

ಬೆಟ್ಟ ಇಳಿದು ಮುಖ್ಯರಸ್ತೆಗೆ ತಿರುಗಿಸಬೇಕು. ಆಗ ನನ್ನ ತೋಳು ಗಟ್ಟಿಯಾಗಿ ಹಿಡಿದರು.

"ನಿಲ್ಸು! ನಿಲ್ಸು! ಮತ್ತೆ ಬಂತು ಕಣೇ!"

ಪಕ್ಕಕ್ಕೆ ಹಾಕಿದೆ.

"ಟಕ್ ಟಕ್ ಟಕ್ ಅಂತ ಬಿಡ್ದೆ ಬರ್ತಿದೆ! ನಿಂಗೆ ಕೇಳಿಸ್ತಿಲ್ವಾ?"

ಉಸಿರು ಬಿಗಿಹಿಡಿದು ಕೇಳಿದೆ. ಚಕ್ರದಲ್ಲಿ ಏನೂ ಇಲ್ಲ. ಇಂಜಿನ್‌ನಲ್ಲಿ ಏನೂ ಇಲ್ಲ. ಮತ್ತೆ ಕೇಳಿದೆ...

"ರೀ," ಎಂದೆ. "ಅದು ಇಂಡಿಕೇಟರ್."

ಆರಿಸಿದೆ. ನಿಂತಿತು. ಹಾಕಿದೆ. ಟಕ್ ಟಕ್ ಟಕ್. ಇವರು ಬಾಯಿ ಬಿಟ್ಟುಕೊಂಡು ಅದರ ಹಸಿರು ಬಾಣ ನೋಡುತ್ತಿದ್ದರು.

"ಇಷ್ಟು ವರ್ಷ ಇದು ಹಿಂಗೇ ಶಬ್ದ ಮಾಡ್ತಿತ್ತಾ?"

"ಮಾಡ್ತಿತ್ತು."

"ಬಲಗಡೇದು?"

ಬಲಕ್ಕೆ ಹಾಕಿದೆ. "ಎಡಗಡೆ ಇನ್ನೊಂದ್ಸಲ." ಎಡಕ್ಕೆ ಹಾಕಿದೆ. ಹಿಂದಿನಿಂದ ಬಂದ ಲಾರಿಯವನು ನಾವು ಯಾವ ಕಡೆ ಹೋಗುವವರೆಂದು ತಿಳಿಯದೆ ಬೈದುಕೊಂಡು ಹೋದ. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬರೀ ನಗುವಿನದಲ್ಲ ಆ ನೀರು.

ಮನೆಗೆ ಬಂದು ಆಗಲೇ ಎಷ್ಟೋ ಹೊತ್ತಾಯಿತು. ಇವರು ಇನ್ನೂ ಒಳಗೆ ಬಂದಿಲ್ಲ. ಕಿಟಕಿಯಿಂದ ಕಾಣುತ್ತಿದೆ, ಗಲ್ಲಿಯ ಗೋಡೆಯ ಮೇಲೆ ಕಿತ್ತಳೆ ಬೆಳಕು, ಹತ್ತಿ ಆರಿ, ಹತ್ತಿ ಆರಿ. ಗಾಡಿಯೊಳಗೆ ಒಬ್ಬರೇ ಕೂತಿದ್ದಾರೆ. ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಾರೆ, "ಬ್ಯಾಟರಿ ಇಳಿಯುತ್ತೆ ಕಣೇ, ಕರಿ ಅವನ್ನ!"

ಹೋಗಿ ಕರೆಯಬೇಕು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು. ಇಲ್ಲ, ನಾನೇ ಹೋಗಿ ಪಕ್ಕದಲ್ಲಿ—